ನೀರಿಲ್ಲದ ಮಡಿಯ ವ್ಯಾಪಾರ

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ದೀಪಾವಳಿಯ ಹೊತ್ತಿಗೆ ಇಳಕಲ್ಲಿನಿಂದ ನಮ್ಮ ಮನೆಗೆ ಬಂದಿದ್ದನು. ಮಡಿವಾಳರ ಮನೆತನದವನು, ಊರಿನಲ್ಲಿ ಡ್ರೈ ಕ್ಲೀನಿಂಗ್ ಅಂಗಡಿ ಹಾಕಬೇಕೆಂಬುದು ಅವನ ಆಸೆ. “ಮಾಸ್ತರ, ಎರಡೆಕರೆ ಹೊಲ ಐತ್ರಿ. ಒತ್ತಿ ಹಾಕಿ ಮಷೀನ್ ತರ್ಲೇನ್ರಿ?” ಎಂದು ಕೇಳಿದನು. ನಾವು ಕಾಗದ, ಪೆನ್ಸಿಲು ತರಿಸಿ ಅವನೊಡನೆ ಲೆಕ್ಕಕ್ಕೆ ಕುಳಿತೆವು. ಇತರ ಗೃಹಸ್ಥರಿಗೂ ಉಪಯೋಗವಾದೀತೆಂದು ಅದನ್ನಿಲ್ಲಿ ಬರೆದಿರುವೆವು.

ಅಮರಕೋಶವು ಅಗಸನಿಗೆ ‘ನಿರ್ಣೇಜಕ’, ‘ರಜಕ’ ಎಂಬೆರಡು ಹೆಸರುಗಳನ್ನು ಕೊಡುತ್ತದೆ. ಮೊದಲನೆಯದಕ್ಕೆ ತೊಳೆಯುವವನೆಂದೂ, ಎರಡನೆಯದಕ್ಕೆ ಬಣ್ಣ ಕಟ್ಟುವವನೆಂದೂ ಧಾತ್ವರ್ಥ. ಕೊಳೆ ಹೋಗಬೇಕು, ಬಣ್ಣ ಉಳಿಯಬೇಕು. ಈ ವ್ಯಾಪಾರದ ಕಷ್ಟವೆಲ್ಲ ಇಲ್ಲಿಯೇ ಇದೆ. ಇಳಕಲ್ ಸೀರೆಯ ಒಡಲು ನೂಲಿನದು, ಸೆರಗು ರೇಷ್ಮೆಯದು. ಕೊಂಡಿ ಹಾಕಿ ಇವೆರಡನ್ನೂ ಕೂಡಿಸುವರು. ಸೆರಗಿನ ಕೆಂಪು ನೀರಿನಲ್ಲಿ ಬಿಟ್ಟಿತೆಂದರೆ ಪಕ್ಕದ ಬಿಳುಪು ಕೆಟ್ಟಂತೆಯೇ. ಆದುದರಿಂದ ನೀರಿಗೆ ಬದಲಾಗಿ ದ್ರಾವಕದಲ್ಲಿ ಬಟ್ಟೆಯನ್ನು ಹೊರಳಿಸಿ ಜಿಡ್ಡು ತೆಗೆಯುವರು. ಹೆಸರಿಗೆ ಒಣದಾದರೂ ಬಟ್ಟೆ ತೊಯ್ಯದೆ ಬಿಡದು.

ಖರ್ಚಿನ ಪಟ್ಟಿಯಲ್ಲಿ ಯಂತ್ರವೇ ಮೊದಲು ಕಣ್ಣಿಗೆ ಬೀಳುವುದು. ಅದರ ಹಿಂದೆ ಹಬೆಯ ಬಾಯ್ಲರು, ಇಸ್ತ್ರಿಯ ಮೇಜು, ಮೂರು ಫೇಸಿನ ವಿದ್ಯುತ್ತು, ಅಂಗಡಿಯ ಮುಂಗಡ, ನಗರಸಭೆಯ ಪರವಾನಗಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬರುವುವು. ದ್ರಾವಕದ ವಿಷಯದಲ್ಲಿ ಜಿಪುಣತನ ಸಲ್ಲದು. ಪೆಟ್ರೋಲಿಯಂ ಜಾತಿಯದಕ್ಕೆ ಬೆಂಕಿಯ ಭಯವುಂಟು. ಪರ್ಕ್ಲೋರೋಎಥಿಲೀನ್ ಎಂಬುದು ಉರಿಯದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅದನ್ನು ಬಹುಶಃ ಕ್ಯಾನ್ಸರ್ ತರುವ ಪದಾರ್ಥಗಳಲ್ಲಿ ಸೇರಿಸಿದೆ. ಡ್ರೈ ಕ್ಲೀನಿಂಗಿನಲ್ಲಿ ಅದರ ಬಳಕೆಯನ್ನು 10 ವರ್ಷಗಳಲ್ಲಿ ನಿಲ್ಲಿಸಬೇಕೆಂದು ಅಮೆರಿಕವು 2024ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಆವಿಯನ್ನು ಹೊರಬಿಡದ ಮುಚ್ಚಿದ ಯಂತ್ರಕ್ಕೆ ಬೆಲೆ ಹೆಚ್ಚು. ಸೋರುವ ಹಳೆಯ ಯಂತ್ರಕ್ಕೆ ದ್ರಾವಕದ ಖರ್ಚೂ ಹೆಚ್ಚು, ಆಳಿನ ಆರೋಗ್ಯಕ್ಕೆ ಕೇಡೂ ಹೆಚ್ಚು.

ಪಟ್ಟಿಯಲ್ಲಿ ಬರೆಯದ ಖರ್ಚುಗಳು ಎರಡುಂಟು. ಮೊದಲನೆಯದು ಗಿರಾಕಿಗಳಿಲ್ಲದ ತಿಂಗಳುಗಳದು. ಆಷಾಢದಲ್ಲಿ ಮದುವೆಗಳಿಲ್ಲ, ಬಾಡಿಗೆಗೆ ಮಾತ್ರ ಆಷಾಢವಿಲ್ಲ. ಎರಡನೆಯದು, ಯಾವಳೋ ತಾಯಿಯ ಧಾರೆಯ ಸೀರೆ ನಮ್ಮ ಕೈಯಲ್ಲಿ ಕೆಟ್ಟರೆ ತೆರಬೇಕಾದ ದಂಡ. ದುಡ್ಡು ಕೊಟ್ಟರೂ ಆ ಸೀರೆ ಬಾರದು. ಹೋದ ಹೆಸರೂ ಬಾರದು.

ಇನ್ನು ಒಂದು ದೃಷ್ಟಾಂತ. ಬಾಡಿಗೆ, ಸಂಬಳ, ಸಾಲದ ಕಂತು ಸೇರಿ ತಿಂಗಳಿಗೆ 40,000 ರೂಪಾಯಿ ಎಂದಿಟ್ಟುಕೊಳ್ಳಿರಿ. ಒಂದು ಬಟ್ಟೆಗೆ 100 ರೂಪಾಯಿ ಬಂದು, ದ್ರಾವಕ, ವಿದ್ಯುತ್ತುಗಳಿಗೆ 40 ಹೋದರೆ ಉಳಿಯುವುದು 60. ಹಾಗಾದರೆ ತಿಂಗಳಿಗೆ 667 ಬಟ್ಟೆಗಳು ಬೇಕು. 26 ದಿನದ ಕೆಲಸಕ್ಕೆ ದಿನವೊಂದಕ್ಕೆ 26. ಇಷ್ಟಾದರೂ ಲಾಭವಿಲ್ಲ, ನಷ್ಟವಿಲ್ಲ, ಅಷ್ಟೆ.

“ನಿನ್ನೂರಿನಲ್ಲಿ ದಿನಕ್ಕೆ 26 ಬರುವುವೇನಪ್ಪಾ?” ಎಂದೆವು. ಅವನು ತಲೆ ತಗ್ಗಿಸಿದನು. ಬಾಗಲಕೋಟೆಯ ನವನಗರದಲ್ಲಿ ಕಚೇರಿಗಳು, ವೈದ್ಯಕೀಯ ಕಾಲೇಜು ಇರುವುದರಿಂದ ಕೋಟುಗಳು ಬಂದಾವು. ಬದಾಮಿಯಲ್ಲಿ ಗುಹೆಗಳನ್ನು ನೋಡಬರುವವರ ವಸತಿಗೃಹಗಳ ಹಾಸುಹೊದಿಕೆಗಳುಂಟು, ಆದರೆ ಅವು ನೀರಿನಲ್ಲಿ ಒಗೆಯುವಂಥವು. ಇಳಕಲ್, ಹುನಗುಂದಗಳಲ್ಲಿ ಸೀರೆಯೇ ಮುಖ್ಯ. ಅದು ಹಬ್ಬ, ಮದುವೆಗಳನ್ನು ನೋಡಿ ಬರುವುದು.

ಆದುದರಿಂದ ನಾವು ಹೇಳಿದ್ದಿಷ್ಟು: ಮೊದಲು ಒಂದು ಇಸ್ತ್ರಿಯ ಅಂಗಡಿ ಇಡು, ಡ್ರೈ ಕ್ಲೀನಿಂಗಿನ ಬಟ್ಟೆಗಳನ್ನು ಕೂಡಿಸಿ ಯಂತ್ರವುಳ್ಳವರಿಗೆ ಕಳುಹಿಸಿ ಕಮಿಷನ್ ಪಡೆ, ಎಷ್ಟು ಬಂದುವೆಂದು ದಿನವೂ ಬರೆದಿಡು. 2023ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಗಸರದೂ ಒಂದು. ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ ರೂಪಾಯಿಯ ಸಾಲಕ್ಕೆ ಶೇಕಡಾ 5ರ ಬಡ್ಡಿಯೆಂದು ಅದರಲ್ಲಿ ಗೊತ್ತುಮಾಡಿರುವರು. ಅದನ್ನು ವಿಚಾರಿಸದೆ ಹೊಲದ ಕಾಗದಕ್ಕೆ ಕೈ ಹಚ್ಚಬೇಡ.

ಮೊನ್ನೆ ಅವನು ತನ್ನ ವಹಿಯನ್ನು ತಂದು ತೋರಿಸಿದನು. ದಿನಕ್ಕೆ ಸರಾಸರಿ 11 ಬಟ್ಟೆಗಳು. ಹೊಲ ಉಳಿದಿದೆ, ಈ ಸಲ ಜೋಳ ಬಿತ್ತಿರುವನಂತೆ. 26 ತುಂಬಿದ ದಿನ ಮತ್ತೆ ಬರುವುದಾಗಿ ಹೇಳಿ ಹೋಗಿರುವನು. ಆ ದಿನಕ್ಕಾಗಿ ನಾವೂ ಕಾದಿರುವೆವು.