ಗೋದಾವರಿ ಬಯಲಿನ ಹುಲ್ಲು

ಮಹಾರಾಷ್ಟ್ರದ ಕನ್ನಡ್ ಪಟ್ಟಣ ದಾಟಿ ಗೌತಾಳಾ ಅಭಯಾರಣ್ಯದ ಅಂಚಿಗೆ ಬಂದರೆ ಪಠಾರ ಥಟ್ಟನೆ ಮುಗಿದುಹೋಗುತ್ತದೆ. ಕೆಳಗೆ ಖಾನದೇಶದ ಬಯಲು. ಕಣಿವೆಯ ಬುಡದಲ್ಲಿ ಪಾಟಣಾದೇವಿಯ ಗುಡಿ, ಅದರಾಚೆ ಪಾಟಣೆ ಎಂಬ ಹಳ್ಳಿ. 1970ರ ದಶಕದಲ್ಲಿ ಪುರಾತತ್ವಜ್ಞ ಎಸ್. ಎ. ಸಾಲಿ ಅಲ್ಲಿ ಅಗೆಸಿದಾಗ ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪಿನ ಚೂರುಗಳು ಸಿಕ್ಕವು. ಸುಮಾರು 25,000 ವರ್ಷಗಳ ಹಿಂದಿನವು. ಒಂದು ಚೂರಿನ ಮೇಲೆ ಯಾರೋ ಒತ್ತೊತ್ತಾಗಿ ಅಡ್ಡಗೆರೆಗಳನ್ನು ಕೊರೆದಿದ್ದಾರೆ. ಉಷ್ಟ್ರಪಕ್ಷಿ ದಟ್ಟ ಕಾಡಿನಲ್ಲಿ ಬಾಳುವ ಹಕ್ಕಿಯಲ್ಲ. ದೂರದಿಂದಲೇ ವೈರಿಯನ್ನು ಕಂಡು ಓಡಲು ಅದಕ್ಕೆ ಬಯಲು ಬೇಕು. ಎಂದರೆ ಈ ಸೀಮೆಯಲ್ಲಿ ನೇಗಿಲು ನೆಲಕ್ಕಿಳಿಯುವ ಎಷ್ಟೋ ಸಾವಿರ ವರ್ಷ ಮುಂಚೆಯೇ ಹುಲ್ಲಿತ್ತು, ಬಯಲಿತ್ತು. ದಖನ್ನಿನ ಬಯಲು ಕಂಡವರೆಲ್ಲ ಇಲ್ಲಿ ಹಿಂದೆ ಕಾಡಿತ್ತು, ಮನುಷ್ಯ ಕಡಿದು ಬರಡು ಮಾಡಿದ ಎನ್ನುತ್ತಾರೆ. ಪಾಟಣೆಯ ಚಿಪ್ಪು ಆ ಮಾತನ್ನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ.

ನಾವು ಬಂದದ್ದು ಡಿಸೆಂಬರ್ ಮೊದಲ ಭಾಗದಲ್ಲಿ. ರಾಣೆಬೆನ್ನೂರಿನ ಪಶುವೈದ್ಯ ಗೆಳೆಯ, ಧಾರವಾಡದಲ್ಲಿ ಭೂವಿಜ್ಞಾನ ಕಲಿಸುವ ಮಾಸ್ತರು, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವ ಸೊಲ್ಲಾಪುರದ ಗೆಳೆಯ, ನಾನು. ಸೊಲ್ಲಾಪುರದಿಂದ ಛತ್ರಪತಿ ಸಂಭಾಜಿನಗರ, ಎಲ್ಲೋರಾ ಎಂಬ ವೆರೂಳು, ಕನ್ನಡ್. ಅಲ್ಲಿಂದ ಪಡುವಣಕ್ಕೆ ತಿರುಗಿ ವೈಜಾಪುರ, ನಾಶಿಕ್ ಜಿಲ್ಲೆಯ ಯೇವಲಾ. ಗೋದಾವರಿ ಎಂದರೆ ಕವಿರಾಜಮಾರ್ಗ ಕನ್ನಡ ನಾಡಿಗೆ ಹೇಳಿದ ಉತ್ತರದ ಎಲ್ಲೆ. ವೆರೂಳಿನ ಕೈಲಾಸ ಗುಡಿಯನ್ನು ಕಡೆಯಿಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಆ ಗುಡಿಯ ಎದುರು ನಮ್ಮ ಮಾಸ್ತರು ಶಿಲ್ಪಕ್ಕಿಂತ ಮೊದಲು ಕಲ್ಲನ್ನು ನೋಡಿದರು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾ ಅದು. ಸಾತಮಾಳಾ ಸಾಲಿನ ಗುಡ್ಡಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದೂ ಅದೇ ಪದರಗಳಿಂದ. ಆ ಮೆಟ್ಟಿಲುಗಳ ತಲೆಯ ಮೇಲೆ ಗೇಣುದ್ದ ಗರಸು ಮಣ್ಣು, ತಗ್ಗಿನಲ್ಲಿ ಆಳವಾದ ಎರೆ. ಗರಸಿನಲ್ಲಿ ಮರದ ಬೇರಿಗೆ ಇಳಿಯಲು ಜಾಗವಿಲ್ಲ. ಎರೆ ಬೇಸಿಗೆಯಲ್ಲಿ ಬಿರಿಯುವಾಗ ಬೇರುಗಳನ್ನೇ ಹರಿಯುತ್ತದೆ. ಎರಡೂ ಕಡೆ ಗೆಲ್ಲುವುದು ಹುಲ್ಲು.

ಮಳೆಯ ಲೆಕ್ಕವೂ ಹುಲ್ಲಿನ ಕಡೆಗೇ ಇದೆ. ಸಹ್ಯಾದ್ರಿಯ ನೆತ್ತಿಯ ಇಗತ್ಪುರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಸುರಿಯುವ ಮಳೆ, ನೂರು ಕಿ.ಮೀ. ಆಸುಪಾಸಿನ ಯೇವಲಾಕ್ಕೆ ಬರುವ ಹೊತ್ತಿಗೆ 500 ಮಿ.ಮೀ. ಆಸುಪಾಸಿಗೆ ಇಳಿದಿರುತ್ತದೆ. ಮೋಡ ಘಟ್ಟದ ಮೇಲೆಯೇ ಬರಿದಾಗುತ್ತದೆ. ನಾಶಿಕ್ ಎಂದರೆ ದ್ರಾಕ್ಷಿ, ಕುಂಭಮೇಳ ಎಂದು ತಿಳಿದವರಿಗೆ ಜಿಲ್ಲೆಯ ಮೂಡಣ ಭಾಗ ಬೇರೆಯೇ ನಾಡಿನಂತೆ ಕಾಣುತ್ತದೆ. ಕಣ್ಣು ಹಾಯುವಷ್ಟು ದೂರ ಒಣಗಿದ ಹೊಂಬಣ್ಣದ ಹುಲ್ಲು, ಅಲ್ಲಲ್ಲಿ ಜಾಲಿ, ಬೋರೆ, ತಂಗಡಿ, ಕಳ್ಳಿ.

ಯೇವಲಾ ತಾಲ್ಲೂಕಿನ ಮಮದಾಪುರ, ರಾಜಾಪುರ ಊರುಗಳ ನಡುವಿನ ಐವತ್ತು ಚದರ ಕಿ.ಮೀ.ಗೂ ಮಿಕ್ಕ ಬಯಲು ಕೃಷ್ಣಮೃಗಗಳ ಮೀಸಲು ಪ್ರದೇಶ. ಅದರ ಹೊರಗೆ, ರೈತರೊಬ್ಬರ ಅಪ್ಪಣೆ ಪಡೆದು, ಅವರ ಉಳ್ಳಾಗಡ್ಡಿ ಹೊಲದ ಬದುವಿನ ಪಕ್ಕ ಡೇರೆ ಹೂಡಿದೆವು. ಹೊಲದಲ್ಲಿ ಹೆಣ್ಣುಮಕ್ಕಳು ಸಸಿ ನಾಟಿ ಮಾಡುತ್ತಿದ್ದರು. ಒಲೆ ಹಚ್ಚಿದ್ದು ಉತ್ತ ನೆಲದ ನಟ್ಟನಡುವೆ. ಡಿಸೆಂಬರಿನ ಹುಲ್ಲಿಗೆ ಒಂದು ಕಿಡಿ ಸಾಕು. ಚಳಿ ಹೆಚ್ಚೇ ಇತ್ತು. ಪಕ್ಕದ ನಿಫಾಡ್ ತಾಲ್ಲೂಕು ಚಳಿಗಾಲದಲ್ಲಿ ಮಹಾರಾಷ್ಟ್ರದ ಅತಿ ತಂಪಿನ ಜಾಗಗಳಲ್ಲಿ ಒಂದು. ರಾತ್ರಿ ನರಿಗಳು ಎರಡು ದಿಕ್ಕಿನಿಂದ ಕೂಗು ಕೊಟ್ಟವು. ಟಿಟ್ಟಿಭ ಮಾತ್ರ ನಿದ್ದೆಗೆಟ್ಟು ನಡುರಾತ್ರಿಯವರೆಗೂ ಬೈಯುತ್ತಲೇ ಇತ್ತು.

ಬೆಳಗ್ಗೆ ನನ್ನ ಕಾಲುಚೀಲ, ಪ್ಯಾಂಟು, ಕಂಬಳಿಯ ಅಂಚು ಎಲ್ಲದರಲ್ಲೂ ಸೂಜಿಯಂಥ ಬೀಜಗಳು. ಮರಾಠಿಯಲ್ಲಿ ಈ ಹುಲ್ಲು ಕುಸಳ, ಸಸ್ಯಶಾಸ್ತ್ರದಲ್ಲಿ ಹೆಟೆರೊಪೋಗನ್ ಕಂಟಾರ್ಟಸ್. ಇದನ್ನು ಕಿತ್ತೆಸೆದು ಮುಂದೆ ನಡೆಯುವವರೇ ಹೆಚ್ಚು. ನಾನು ಒಂದನ್ನು ಅಂಗೈಯಲ್ಲಿಟ್ಟುಕೊಂಡು ಕೂತೆ. ತುದಿಯಲ್ಲಿ ಚೂಪಾದ ಮುಳ್ಳು, ಅದರ ಸುತ್ತ ಹಿಂದಕ್ಕೆ ಬಾಗಿದ ಕಂದು ಕೂದಲು, ಬಾಲದ ಕಡೆ ಬೆರಳುದ್ದದ ಊಬು. ಊಬಿನ ಕೆಳಭಾಗ ಹಗ್ಗ ಹೊಸೆದ ಹಾಗೆ ತಿರುಚಿಕೊಂಡಿದೆ, ಮೇಲ್ಭಾಗ ಮೊಣಕೈಯಂತೆ ಬಾಗಿದೆ. ಒದ್ದೆ ಕರವಸ್ತ್ರದ ಮೇಲೆ ಇಟ್ಟೆ. ಒಂದೆರಡು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಊಬಿನ ಬಾಗಿದ ತುದಿ ಗಡಿಯಾರದ ಮುಳ್ಳಿನಂತೆ, ಕಣ್ಣಿಗೆ ಕಾಣುವಷ್ಟು ವೇಗದಲ್ಲಿ ಸುತ್ತತೊಡಗಿತು. ತೇವ ಕುಡಿದಾಗ ಹೊಸೆತ ಬಿಚ್ಚುತ್ತದೆ, ಬಿಸಿಲಿಗೆ ಒಣಗಿದಾಗ ಮತ್ತೆ ಬಿಗಿಯುತ್ತದೆ. ನೆಲಕ್ಕೆ ಬಿದ್ದ ಬೀಜದ ಊಬು ಪಕ್ಕದ ಕಡ್ಡಿಗೋ ಕಲ್ಲಿಗೋ ತಾಗಿ ನಿಂತರೆ, ಆ ಸುತ್ತು ಬೀಜವನ್ನೇ ಮಣ್ಣಿಗೆ ಕೊರೆಯುತ್ತದೆ. ಹಿಂದಕ್ಕೆ ಬಾಗಿದ ಕೂದಲು ಅದನ್ನು ಹೊರಗೆ ಜಾರಲು ಬಿಡುವುದಿಲ್ಲ. ರಾತ್ರಿಯ ಇಬ್ಬನಿ, ಹಗಲಿನ ಬಿಸಿಲು ಇಷ್ಟರಿಂದಲೇ ಬೀಜ ತನ್ನನ್ನು ತಾನು ಬಿತ್ತಿಕೊಳ್ಳುತ್ತದೆ. ಬೇಸಿಗೆಯ ಬೆಂಕಿ ಮೇಲೆ ಹಾದು ಹೋದಾಗ ಅದು ಮಣ್ಣಿನೊಳಗೆ ಕ್ಷೇಮವಾಗಿರುತ್ತದೆ. ಬರಡು ಎಂದು ಕರೆದ ನೆಲದಲ್ಲಿ ಇಷ್ಟು ಕೆಲಸ ನಡೆಯುತ್ತಿದೆ.

ಜಿಂಕೆಗಳು ಬಿಸಿಲೇರುವ ಮುನ್ನವೇ ಮೇಯಲು ಹರಡಿದ್ದವು. ಹೆಣ್ಣು, ಮರಿಗಳ ಹಿಂಡು ಒಂದೆಡೆ. ಅದರಿಂದ ದೂರ ಒಂದು ಗಂಡು, ಬೆನ್ನು ಕಪ್ಪಾಗಿ, ಕೊಂಬು ತಿರುಚಿ, ಒಂದೇ ಜಾಗ ಬಿಡದೆ ನಿಂತಿತ್ತು. ಅದು ತನ್ನ ಹಿಕ್ಕೆಯ ಗುಡ್ಡೆಗೆ ಮತ್ತೆ ಮತ್ತೆ ಬಂದು, ಮೂಸಿ, ಅಲ್ಲೇ ಹಿಕ್ಕೆ ಹಾಕಿ ಹೋಗುತ್ತಿತ್ತು. ಇದು ನನ್ನ ನೆಲ ಎಂದು ಬೇರೆ ಗಂಡುಗಳಿಗೆ ಕೊಡುವ ಸುದ್ದಿ ಅದು. ಅದು ದೂರ ಸರಿದ ಮೇಲೆ ಪಶುವೈದ್ಯ ಗೆಳೆಯ ಗುಡ್ಡೆಯ ಅಂಚಿನ ಹಳೆಯ ಹಿಕ್ಕೆಯನ್ನು ಕಡ್ಡಿಯಿಂದ ಬಿಡಿಸಿ ನೋಡಿದ. ಒಳಗೆ ಬಳ್ಳಾರಿ ಜಾಲಿಯ ಬೀಜ, ಗಟ್ಟಿಯಾಗಿ, ಜೀರ್ಣವಾಗದೆ. ಹೊರನಾಡಿನಿಂದ ಬಂದು ಬಯಲನ್ನು ನುಂಗುವ ಈ ಗಿಡವನ್ನು ಬಯಲಿನ ಪ್ರಾಣಿಯೇ ಹರಡುತ್ತಿದೆ. ಕಾಯಿ ಸಿಹಿ, ಬರಗಾಲದಲ್ಲಿ ಬೇರೆ ಮೇವಿಲ್ಲ, ಅದು ತಾನೇ ಏನು ಮಾಡೀತು?

ಊರವರಿಗೆ ಜಿಂಕೆ ಸುಲಭದ ನೆರೆಯಲ್ಲ. ಜೋಳ, ಕಡಲೆಯ ಹೊಲಕ್ಕೆ ನುಗ್ಗುತ್ತವೆ. ಬೇಸಿಗೆಯಲ್ಲಿ ನೀರು ಹುಡುಕುತ್ತಾ ಬಂದು ಕಟ್ಟೆಯಿಲ್ಲದ ಬಾವಿಗೆ ಬೀಳುತ್ತವೆ, ನಾಯಿಗಳ ಬಾಯಿಗೆ ಸಿಕ್ಕುತ್ತವೆ. ನಮಗೆ ಜಾಗ ಕೊಟ್ಟ ರೈತರು ಬೆಳೆ ಹಾಳಾದ ಮಾತನ್ನೂ, ಬಾವಿಗೆ ಬಿದ್ದ ಮರಿಯನ್ನು ಹಗ್ಗ ಕಟ್ಟಿ ಎತ್ತಿದ ಮಾತನ್ನೂ ಒಂದೇ ದನಿಯಲ್ಲಿ ಹೇಳಿದರು.

ಹೊತ್ತು ಏರಿದ ಮೇಲೆ ಮೊದಲು ಕೂಗು ಕೇಳಿಸಿತು, ಹಕ್ಕಿ ಕಂಡದ್ದು ಆಮೇಲೆ. ಸ್ಯಾಂಡ್‌ಗ್ರೌಸ್. ಪಾರಿವಾಳದ ಗಾತ್ರ, ಒಣಹುಲ್ಲಿನ ಬಣ್ಣ, ಚೂಪು ರೆಕ್ಕೆ. ಹಗಲೆಲ್ಲ ಒಣ ಬೀಜ ತಿನ್ನುವ ಇವುಗಳಿಗೆ ನೀರು ತಪ್ಪಿಸುವಂತಿಲ್ಲ. ಎಷ್ಟೋ ದೂರದಿಂದ ನಿತ್ಯದ ಹೊತ್ತಿಗೆ ಕೆರೆಗೆ ಬರುತ್ತವೆ. ಇಂಗುಕೆರೆಯ ಅಂಚಿನಿಂದ ತುಸು ದೂರ ಇಳಿದು, ಸುತ್ತ ನೋಡಿ, ನಡೆದು ಬಂದು, ಗಟಗಟನೆ ಕುಡಿದು ಎದ್ದವು. ಗಂಡುಹಕ್ಕಿಯ ಹೊಟ್ಟೆಯ ಗರಿಗಳ ಎಳೆಗಳು ಸುರುಳಿ ಸುತ್ತಿಕೊಂಡಿರುತ್ತವೆ. ಮರಿಗಳಿರುವ ಕಾಲದಲ್ಲಿ ಅದು ನೀರಿನಲ್ಲಿ ಕೂತು ಹೊಟ್ಟೆ ಆಡಿಸಿ, ಆ ಎಳೆಗಳಲ್ಲಿ ನೀರು ಹಿಡಿದುಕೊಂಡು ಮರಿಗಳ ಕಡೆ ಹಾರುತ್ತದೆ. ಮರಿಗಳು ಗರಿ ಚೀಪಿ ಕುಡಿಯುತ್ತವೆ. 1896ರಲ್ಲಿ ಇಂಗ್ಲೆಂಡಿನ ಮೀಡ್-ವಾಲ್ಡೊ ಸಾಕಿದ ಹಕ್ಕಿಗಳಲ್ಲಿ ಇದನ್ನು ಕಂಡು ಬರೆದಾಗ ಹಲವರು ನಂಬಲಿಲ್ಲ. 1967ರಲ್ಲಿ ಕೇಡ್ ಮತ್ತು ಮೆಕ್ಲೀನ್ ಕಲಹರಿಯಲ್ಲಿ ಅಧ್ಯಯನ ಮಾಡಿ ನಿಜವೆಂದರು. ಡಿಸೆಂಬರ್ ಮರಿಗಳ ಮುಖ್ಯ ಕಾಲವಲ್ಲ. ಆದರೂ ಒಂದು ಗಂಡು ನೀರಿನ ಅಂಚಿನಲ್ಲಿ ನಿಂತಾಗ ನಾವೆಲ್ಲ ದುರ್ಬೀನು ಇಳಿಸಲೇ ಇಲ್ಲ.

ಮಧ್ಯಾಹ್ನದ ಬಿಸಿಲಲ್ಲಿ ಹ್ಯಾರಿಯರ್‌ಗಳು ಬಂದವು, ರೆಕ್ಕೆಯನ್ನು ವಿ ಆಕಾರದಲ್ಲಿ ಎತ್ತಿ, ಹುಲ್ಲಿನ ತುದಿ ಸವರಿಕೊಂಡು. ಮಧ್ಯ ಏಷ್ಯಾದ ಸ್ಟೆಪ್ಪಿ ಬಯಲಿನಲ್ಲಿ ಮರಿ ಮಾಡಿ ಚಳಿಗೆ ಇಲ್ಲಿಗೆ ಬರುವ ಹದ್ದಿನ ಜಾತಿ. ಮಿಡತೆ ಇವುಗಳ ಮುಖ್ಯ ಊಟ, ರಾತ್ರಿ ಮಲಗುವುದೂ ಮರದ ಮೇಲಲ್ಲ, ಹುಲ್ಲಿನ ನಡುವೆ ನೆಲದ ಮೇಲೆ. ಅಷ್ಟು ದೂರದಿಂದ ಬಂದ ಹಕ್ಕಿಗೆ ಬೇಕಾದದ್ದು ಎತ್ತರದ ಒಣಹುಲ್ಲು, ಅಷ್ಟೆ. ಮಾಗಡಿ ಕೆರೆಯಲ್ಲಿ ನಾವು ನೋಡುವ ಪಟ್ಟೆತಲೆಯ ಹೆಬ್ಬಾತುಗಳಿಗೆ ಸಿಗುವ ಪ್ರೀತಿ ಇವುಗಳಿಗೆ ಸಿಗುವುದಿಲ್ಲ. ಇಲ್ಲಿಯೂ ಜನ ಹೋಗುವುದು ನಾಂದೂರ ಮಧ್ಯಮೇಶ್ವರಕ್ಕೆ. ಗೋದಾವರಿ ಮತ್ತು ಕಾದವಾ ಕೂಡುವಲ್ಲಿ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಒಡ್ಡಿನ ಹಿಂದೆ ಹೂಳು ತುಂಬಿ ಆದ ಜೌಗು ಅದು, 2019ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಗೆ ಸೇರಿದ ಮಹಾರಾಷ್ಟ್ರದ ಮೊದಲ ತಾಣವಾಯಿತು. ಚೆಂದದ ಜಾಗ, ಕಾವಲಿಗೆ ತಕ್ಕದ್ದು. ಆದರೆ ನೀರಿಗೆ ಸಿಕ್ಕ ಹೆಸರು ಹುಲ್ಲಿಗೂ ಸಿಗಬೇಕು ಎನ್ನುವುದು ನನ್ನ ಆಸೆ.

ಸಿಗದಿದ್ದಾಗ ಏನಾಗುತ್ತದೆಂದು ನಮ್ಮ ಪಶುವೈದ್ಯನ ಊರಿಗೆ ಗೊತ್ತು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆದದ್ದು, 119 ಚದರ ಕಿ.ಮೀ. ಅದರ ಒಡಲಿನಲ್ಲಿ ನೀಲಗಿರಿ ನೆಟ್ಟರು. ಬಯಲಿನ ಪ್ರಾಣಿಗೆ ನೆಡುತೋಪಿನ ನೆರಳಿನಿಂದೇನು? ಜಿಂಕೆಗಳು ಹೊಲಗಳ ಕಡೆ ಬಂದವು. ಎರೆಭೂತ ಎಂದು ನಾವು ಕರೆಯುವ, ಮರಾಠಿಗರ ಮಾಳಢೋಕ್ ಹಕ್ಕಿ ಈಗ ಅಲ್ಲಿಲ್ಲ. ಸೊಲ್ಲಾಪುರದ ಹತ್ತಿರದ ನಾನ್ನಜ್‌ನಲ್ಲಿ 1979ರಿಂದ ಅದರ ಹೆಸರಿನ ಅಭಯಾರಣ್ಯವಿದ್ದರೂ ಕಾಣುವುದು ಅಪರೂಪ. ಸರ್ಕಾರದ ಪಾಳುಭೂಮಿ ನಕಾಶೆಯಲ್ಲಿ ಕುರುಚಲು ನೆಲಕ್ಕೆ ಪಾಳು ಎಂಬ ಪಟ್ಟವಿದೆ. ಪಾಳು ಎಂದು ಬರೆದ ಮೇಲೆ ಅಲ್ಲಿ ಗುಂಡಿ ತೋಡಿ ಗಿಡ ನೆಡುವುದು ಪುಣ್ಯದ ಕೆಲಸವಾಗಿಬಿಡುತ್ತದೆ. ಗಿಡ ನೆಡುವವರ ಮನಸ್ಸು ಒಳ್ಳೆಯದೇ. ಊರ ಬೀದಿಗೆ, ಹೊಲದ ಬದುವಿಗೆ ನೆಡಲಿ. ಹ್ಯಾರಿಯರ್ ಮಲಗುವ ನೆಲದಲ್ಲಿ ಬೇಡ.

ಸಂಜೆ ಕುರಿಹಿಂಡು ಬಂತು. ಹಿಂದೆ ಕೆಂಪು ರುಮಾಲಿನ ಧನಗರ ಹಿರಿಯರು. ಸೊಲ್ಲಾಪುರದ ಗೆಳೆಯ “ರಾಮ್ ರಾಮ್, ಮಾಮಾ” ಎಂದ. ನಮ್ಮಲ್ಲೊಬ್ಬರು ದನದ ಡಾಕ್ಟರು ಎಂದು ತಿಳಿದೊಡನೆ ಒಂದು ಆಡನ್ನು ಎಳೆದು ತಂದರು. ತುಟಿಯ ಒಳಗೆ ಕುಸಳ ಚುಚ್ಚಿ ಬಾತಿತ್ತು. ಗೆಳೆಯ ಚಿಮಟದಿಂದ ತೆಗೆದ. ಈ ಹುಲ್ಲು ಎಳೆಯದಾಗಿರುವಾಗ ಕುರಿಗೆ ಬೆಣ್ಣೆ, ತೆನೆ ಬಂದ ಮೇಲೆ ವೈರಿ ಎಂದರು ಹಿರಿಯರು.

“ತೋಳ ಇದಾನೇನು ಮಾಮಾ?”

“ಇದಾನ. ಮೊನ್ನೆ ಒಂದು ಮರಿ ಒಯ್ದ.”

“ಸಿಟ್ಟು ಬರೂದಿಲ್ಲೇನು?”

“ಬರತದ ಡಾಕ್ಟರ್ ಸಾಹೇಬ. ಕೂಗಿ ಓಡಸ್ತೀವಿ, ನಾಯಿ ಬಿಡ್ತೀವಿ. ಆದರ ಅವನ ಪಾಲು ಅಂತ ಒಂದದ. ನಮ್ಮಪ್ಪ ಹಂಗ ಹೇಳತಿದ್ದ.”

ಸೊಲ್ಲಾಪುರದ ಗೆಳೆಯ ಸಾಲುಸಾಲಾಗಿ ಕನ್ನಡಕ್ಕೆ ತಿರುಗಿಸುತ್ತಿದ್ದ ಮಾತುಗಳಿವು. ಇನ್ನು ಕೆಲವೇ ದಿನಕ್ಕೆ ಹಿಂಡು ನಿಫಾಡ್ ಕಡೆಗೆ ಹೊರಡುತ್ತದಂತೆ. ಕೊಯ್ಲಾದ ಹೊಲದಲ್ಲಿ ರಾತ್ರಿ ಕುರಿ ನಿಲ್ಲಿಸಿದರೆ ಗೊಬ್ಬರಕ್ಕೆ ಪ್ರತಿಯಾಗಿ ರೈತರು ಕಾಳು, ಇಲ್ಲವೇ ದುಡ್ಡು ಕೊಡುತ್ತಾರೆ. ಮಳೆ ಬಿದ್ದು ಹುಲ್ಲು ಚಿಗುರಿದಾಗ ಮತ್ತೆ ಇಲ್ಲಿಗೆ.

ಸ್ಯಾಂಡ್‌ಗ್ರೌಸಿನ ಮಾತು ತೆಗೆದೆ. ಗಂಡುಹಕ್ಕಿ ಹೊಟ್ಟೆ ತೋಯಿಸಿಕೊಂಡು ಹೋಗುವುದನ್ನು ಅವರು ಚಿಕ್ಕಂದಿನಿಂದ ನೋಡಿದ್ದಾರೆ. ಮೇ ತಿಂಗಳಿಗೆ ಬನ್ನಿ ಎಂದರು. ನಾವು ನೋಡಿದ ಕೆರೆ ಹೋಳಿ ಹಬ್ಬಕ್ಕೆ ಮುಂಚೆಯೇ ಬತ್ತುತ್ತದೆ. ಗುಡ್ಡದ ಹಿಂದಿನ ಚಿಕ್ಕ ಕೆರೆಯಲ್ಲಿ ಕಲ್ಲಿನ ಸಂದಿಯಿಂದ ನೀರು ಜಿನುಗುತ್ತದೆ, ಅದು ಉಳಿಯುತ್ತದೆ. ಮಾಸ್ತರು ಹುರುಪಿನಿಂದ, ಆ ಸಂದಿಯಲ್ಲಿ ಎರಡು ಲಾವಾ ಪದರಗಳ ನಡುವೆ ಕೆಂಪು ಜೇಡಿ ಇದೆಯೇ ಎಂದು ಕೇಳಿದರು, ಹಿರಿಯರು ಹೌದು, ಕೆಂಪೇ ಎಂದರು. ಒಡ್ಡಿನ ಮೇಲೆ ಕೂರಬೇಡಿ, ಹಕ್ಕಿ ಇಳಿಯುವುದಿಲ್ಲ. ಪಡುವಣ ಬದಿಯ ಬೋರೆಗಿಡದ ಬುಡದಲ್ಲಿ ಹೊತ್ತು ಹುಟ್ಟುವ ಮುಂಚೆ ಕೂತಿರಬೇಕು, ಬಿಳಿ ಅಂಗಿ ಬೇಡ. ಆಗ ತಾವಿರುವುದಿಲ್ಲ, ತಮ್ಮ ಇರುತ್ತಾನೆ, ಅವನಿಗೆ ಹೇಳಿಟ್ಟಿರುತ್ತೇನೆ ಎಂದು ಹಿಂಡಿನ ಹಿಂದೆ ನಡೆದರು. ಪಶುವೈದ್ಯ ಗೆಳೆಯ ಅಲ್ಲೇ ನಿಂತು ಮೇ ತಿಂಗಳ ರಜೆಯ ಲೆಕ್ಕ ಹಾಕತೊಡಗಿದ.