ರೋಧರಹಿತ ದ್ರವ್ಯಗಳ ಶೋಧ

ಲೋಹವನ್ನು ತಂಪುಗೊಳಿಸಿದಷ್ಟೂ ಅದರ ವಿದ್ಯುದ್ರೋಧವು ತಗ್ಗುವುದೆಂಬುದು ಇಪ್ಪತ್ತನೆಯ ಶತಮಾನದ ಆರಂಭಕ್ಕಾಗಲೇ ತಿಳಿದಿದ್ದಿತಾದರೂ, ನಿರಪೇಕ್ಷ ಶೂನ್ಯದ ಸಮೀಪದಲ್ಲಿ ಅದು ಪೂರ್ಣವಾಗಿ ಅಳಿಯುವುದೋ, ಒಂದು ಮಟ್ಟದಲ್ಲಿ ನಿಲ್ಲುವುದೋ, ಅಥವಾ ಕೆಲ್ವಿನ್ ಪ್ರಭು ಊಹಿಸಿದಂತೆ ಎಲೆಕ್ಟ್ರಾನುಗಳೇ ಹೆಪ್ಪುಗಟ್ಟಿ ಮತ್ತೆ ಏರುವುದೋ ಎಂಬ ವಿವಾದವು ಕೇವಲ ತರ್ಕದಿಂದ ಬಗೆಹರಿಯುವಂಥದಾಗಿರಲಿಲ್ಲ.

1908ರಲ್ಲಿ ಹೀಲಿಯಂ ಅನಿಲವನ್ನು ಮೊತ್ತಮೊದಲು ದ್ರವಗೊಳಿಸಿದ್ದ ಹಾಲೆಂಡಿನ ಲೈಡನ್ ನಗರದ ಕಾಮರ್ಲಿಂಗ್ ಓನ್ನೆಸ್, ಮತ್ತೆ ಮತ್ತೆ ಭಟ್ಟಿಯಿಳಿಸಿ ಪರಿಶುದ್ಧಗೊಳಿಸಬಹುದೆಂಬ ಕಾರಣದಿಂದ ಪಾದರಸವನ್ನೇ ಆರಿಸಿಕೊಂಡು, 1911ರಲ್ಲಿ ಅದನ್ನು ದ್ರವಹೀಲಿಯಮಿನ ಶೈತ್ಯಕ್ಕೆ ಇಳಿಸಿದನು. ರೋಧವು ಮೆಲ್ಲಮೆಲ್ಲನೆ ಕ್ಷಯಿಸುವುದೆಂದು ಅವನು ನಿರೀಕ್ಷಿಸಿದ್ದನು; ಆದರೆ 4.2 ಕೆಲ್ವಿನ್ನಿನ ಬಳಿ ಅದು ಥಟ್ಟನೆ ಮಾಯವಾಯಿತು. ಪಾದರಸಕ್ಕೆ ಅನ್ಯಲೋಹವನ್ನು ಬೆರೆಸಿದರೂ ಈ ಗುಣ ಕೆಡದಿದ್ದುದರಿಂದ, ಶುದ್ಧತೆಯೇ ಇದಕ್ಕೆ ಮೂಲವೆಂಬ ಊಹೆಯೂ ಬಿದ್ದುಹೋಯಿತು.

ಅತಿವಾಹಕತೆಯೆಂದು ಹೆಸರಾದ ಈ ಗುಣವೆಂದರೆ ರೋಧದ ಅಭಾವವಷ್ಟೇ ಎಂದು ಎರಡು ದಶಕಗಳ ಕಾಲ ನಂಬಲಾಗಿತ್ತು. 1933ರಲ್ಲಿ ಬರ್ಲಿನ್ನಿನ ಮೈಸ್ನರ್ ಮತ್ತು ಓಕ್ಸೆನ್‌ಫೆಲ್ಡರು ಕಾಂತಕ್ಷೇತ್ರದ ನಡುವೆಯೇ ಲೋಹವನ್ನು ತಂಪುಗೊಳಿಸಿದಾಗ, ಅದು ತನ್ನೊಳಗಿದ್ದ ಕ್ಷೇತ್ರವನ್ನು ಹೊರದೂಡಿತು. ಕೇವಲ ಪರಿಪೂರ್ಣ ವಾಹಕವಾಗಿದ್ದರೆ ಅದು ಆ ಕ್ಷೇತ್ರವನ್ನು ಒಳಗೇ ಹಿಡಿದಿಟ್ಟುಕೊಳ್ಳಬೇಕಾಗಿದ್ದಿತು. ಆದಕಾರಣ ಇದು ದ್ರವ್ಯದ ಬೇರೊಂದು ಅವಸ್ಥೆಯೇ ಎಂಬುದು ಸ್ಪಷ್ಟವಾಯಿತು.

1957ರಲ್ಲಿ ಬಾರ್ಡೀನ್, ಕೂಪರ್, ಶ್ರೀಫರ್ ಎಂಬ ಮೂವರು, ಪರಮಾಣುಜಾಲದ ಕಂಪನವೇ ಎಲೆಕ್ಟ್ರಾನುಗಳನ್ನು ಜೋಡಿಗೊಳಿಸುವುದೆಂದೂ, ಜೋಡಿಗಳೆಲ್ಲವೂ ಏಕೀಭವಿಸಿದ ಕ್ವಾಂಟಮ್ ಸ್ಥಿತಿಯಲ್ಲಿ ಚಲಿಸುವುದರಿಂದ ಬಿಡಿ ಅಡ್ಡಿಗಳು ಅವುಗಳ ಗತಿಯನ್ನು ಕೆಡಿಸಲಾರವೆಂದೂ ನಿರೂಪಿಸಿದರು. ಸುಮಾರು 30 ಕೆಲ್ವಿನ್ನಿಗೆ ಮೇಲೆ ಅತಿವಾಹಕತೆ ಸಾಧ್ಯವಿಲ್ಲವೆಂಬ ನಂಬಿಕೆಯೂ ಅದರೊಡನೆ ಬೇರೂರಿತು. ಆದರೆ 1986ರಲ್ಲಿ ಸ್ವಿಟ್ಜರ್ಲೆಂಡಿನ ಬೆಡ್ನೋರ್ಟ್ಸ್ ಮತ್ತು ಮ್ಯೂಲರರು, ಬೇರಿಯಂ ಬೆರೆಯದಿದ್ದಲ್ಲಿ ಅವಾಹಕವೇ ಆಗಿ ಉಳಿಯುವ ಲ್ಯಾಂಥನಂ–ತಾಮ್ರದ ಆಕ್ಸೈಡಿನಲ್ಲಿ ಆ ಮಿತಿಯನ್ನು ದಾಟಿದರು. ಮರುವರ್ಷವೇ ಇಟ್ರಿಯಂ ಸಂಯುಕ್ತವು ದ್ರವನೈಟ್ರೋಜನಿನ 77 ಕೆಲ್ವಿನ್ನನ್ನೂ ಮೀರಿ, 90 ಕೆಲ್ವಿನ್ನಿನ ಆಚೆಗೆ ಏರಿತು. ಇಂಥ ಆಕ್ಸೈಡುಗಳನ್ನು ಅದಕ್ಕೂ ಮುನ್ನವೇ ಅಭ್ಯಸಿಸುತ್ತಿದ್ದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆರ್. ರಾವ್ ಅವರ ತಂಡವು, ಆ ಇಟ್ರಿಯಂ ಮಿಶ್ರಣದಲ್ಲಿ ಅತಿವಾಹಕವಾದ ಅಂಶ ಯಾವುದೆಂದು ಗುರುತಿಸುವ ಕಾರ್ಯದಲ್ಲಿ ಪಾಲುಗೊಂಡಿತು.

ಈ ಆಕ್ಸೈಡುಗಳಲ್ಲಿ ಎಲೆಕ್ಟ್ರಾನುಗಳನ್ನು ಜೋಡಿಸುವ ಬಲ ಯಾವುದೆಂಬ ವಿಷಯದಲ್ಲಿ ಸಿದ್ಧಾಂತಿಗಳು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಸಿದ್ಧಾಂತವು ದಾರಿ ತೋರದಿರುವಲ್ಲಿ ಪ್ರಯೋಗದ ಹೊಣೆ ಇಮ್ಮಡಿಯಾಗುವುದರಿಂದ, ಹೊಸ ಅತಿವಾಹಕವನ್ನು ಕಂಡೆನೆನ್ನುವವನು ರೋಧದ ಲೋಪವನ್ನೂ ಕಾಂತಕ್ಷೇತ್ರದ ಬಹಿಷ್ಕಾರವನ್ನೂ ಜೊತೆಯಾಗಿ ತೋರಿಸಬೇಕು. ಅಷ್ಟೇ ಅಲ್ಲ, ಅನ್ಯರ ಪ್ರಯೋಗಶಾಲೆಯಲ್ಲಿಯೂ ಅದೇ ಫಲ ದೊರೆಯಬೇಕು.