ಎಲೆಯ ಗುಣ, ಎಣ್ಣೆಯ ಬಲ

ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗು ಎರಡು ಬಾರಿ ಕೆಮ್ಮಿತೆಂದರೆ ಸಾಕು, ಹಿಂದಿನ ಮನೆಗಳಲ್ಲಿ ಅಜ್ಜಿ ಎದ್ದು ಹಿತ್ತಲಿಗೆ ನಡೆಯುತ್ತಿದ್ದಳು. ನಾಲ್ಕು ದೊಡ್ಡಪತ್ರೆಯ ಎಲೆ ಕೊಯ್ದು, ಕೆಂಡದ ಮೇಲೆ ಬಾಡಿಸಿ, ಹಿಂಡಿದ ರಸಕ್ಕೆ ಒಂದಿಷ್ಟು ಜೇನು ಬೆರೆಸಿ ಮಗುವಿನ ನಾಲಗೆಗೆ ಸವರುತ್ತಿದ್ದಳು. ರಸ ಎಷ್ಟು, ಜೇನು ಎಷ್ಟು ಎಂಬುದನ್ನು ಆಕೆ ಯಾವ ಪುಸ್ತಕದಲ್ಲಿಯೂ ಓದಿದವಳಲ್ಲ. ಆ ಅಳತೆ ಆಕೆಯ ಬೆರಳಿನ ತುದಿಯಲ್ಲಿತ್ತು.

ಇಂದು ಹಿತ್ತಲು ಹೋಗಿ ಬಾಲ್ಕನಿ ಬಂದಿದೆ; ಕೆಂಡದ ಒಲೆಯ ಜಾಗದಲ್ಲಿ ಗ್ಯಾಸ್ ಒಲೆಯಿದೆ. ಕಪಾಟಿನಲ್ಲಿ ಮಾತ್ರ ಹೊಸ ಅತಿಥಿಗಳು ಸಾಲುಗಟ್ಟಿ ನಿಂತಿದ್ದಾರೆ: ಹೆಬ್ಬೆರಳಿನ ಗಾತ್ರದ ಕಂದು ಬಣ್ಣದ ಸೀಸೆಗಳು. ನೀಲಗಿರಿ, ಪುದೀನ, ಲವಂಗ, ಲ್ಯಾವೆಂಡರ್, ಶ್ರೀಗಂಧ. ಎರಡು ಮೂರನ್ನು ಬೆರೆಸಿದ ಮಿಶ್ರಣಗಳೂ ಉಂಟು. ಒಂದರ ಚೀಟಿ ನೆಮ್ಮದಿಯ ಭರವಸೆ ಕೊಡುತ್ತದೆ. ಇನ್ನೊಂದರದು ಚೈತನ್ಯದ್ದು, ಮತ್ತೊಂದರದು ಆತ್ಮವಿಶ್ವಾಸದ್ದು. ಗೃಹಿಣಿಯು ತನ್ನ ಆರೋಗ್ಯವನ್ನು ತಾನೇ ನೋಡಿಕೊಳ್ಳಲು ಇವು ಸಾಧನವೆಂದು ಜಾಹೀರಾತುಗಳು ಹೇಳುತ್ತವೆ.

ಆ ಆಸೆ ತಪ್ಪಲ್ಲ. ಆದರೆ ಎಲೆಯೂ ಎಣ್ಣೆಯೂ ಒಂದೇ ಗಿಡದ ಮಕ್ಕಳಾದರೂ ಅವುಗಳ ಸ್ವಭಾವ ಒಂದೇ ಅಲ್ಲ. ಈ ಅಂತರವನ್ನು ಅರಿಯದೆ ಅಜ್ಜಿಯ ಧೈರ್ಯದಿಂದ ಸೀಸೆಯ ಮುಚ್ಚಳ ತೆಗೆದರೆ, ಮದ್ದೇ ಮುಳುವಾಗುವ ಸಂಭವವುಂಟು.

ಕಾಸಿದ ಎಣ್ಣೆ, ಇಳಿಸಿದ ಎಣ್ಣೆ

ನಮ್ಮ ಮನೆಗಳಿಗೆ ಪರಿಚಿತವಾದುದು ಕಾಸಿದ ಎಣ್ಣೆ. ದಾಸವಾಳದ ಎಲೆ, ಗರುಗದ ಸೊಪ್ಪು, ಒಂದಿಷ್ಟು ಮೆಂತ್ಯವನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ಸೊಪ್ಪಿನ ನೀರು ಆರಿ, ಚಟಪಟ ಸದ್ದು ಅಡಗಿದಾಗ ಇಳಿಸಿ ಸೋಸುತ್ತಾರೆ. ಇಲ್ಲಿ ಕೊಬ್ಬರಿ ಎಣ್ಣೆಯೇ ಬಹುಪಾಲು. ಸೊಪ್ಪಿನ ಸಾರ ಅದರಲ್ಲಿ ಅಲ್ಪಾಂಶ. ಆದುದರಿಂದಲೇ ಅದನ್ನು ಬೊಗಸೆಯಲ್ಲಿ ಸುರಿದು ತಲೆಗೆ ತಿಕ್ಕಬಹುದು.

ಸೀಸೆಯಲ್ಲಿರುವುದು ಭಟ್ಟಿ ಇಳಿಸಿದ ಸುಗಂಧತೈಲ. ದೊಡ್ಡ ಹಂಡೆಯಲ್ಲಿ ಸೊಪ್ಪನ್ನು ತುಂಬಿ ಅದರ ಮೂಲಕ ನೀರಿನ ಆವಿಯನ್ನು ಹಾಯಿಸುತ್ತಾರೆ. ಎಲೆಯ ಸೂಕ್ಷ್ಮ ಗ್ರಂಥಿಗಳಲ್ಲಿ ಅಡಗಿರುವ ಪರಿಮಳದ್ರವ್ಯ ಆವಿಯೊಡನೆ ಹೊರಟು, ತಣ್ಣನೆಯ ಕೊಳವೆಯಲ್ಲಿ ಮತ್ತೆ ದ್ರವವಾಗಿ, ನೀರಿನಿಂದ ಬೇರ್ಪಡುತ್ತದೆ. ಹೀಗೆ 100 ಕಿಲೋ ಮಜ್ಜಿಗೆಹುಲ್ಲಿನಿಂದ ದೊರೆಯುವ ತೈಲ ಸುಮಾರು ಅರ್ಧ ಕಿಲೋ ಮಾತ್ರ. ಒಂದು ಕಿಲೋ ಗುಲಾಬಿ ತೈಲಕ್ಕೆ ಮೂರು ನಾಲ್ಕು ಸಾವಿರ ಕಿಲೋ ಹೂವು ಬೇಕು. ಒಂದು ಕಂತೆ ಹುಲ್ಲಿನ ಬಲ ಕೆಲವು ಹನಿಗಳಲ್ಲಿ ಕುಳಿತಿರುವಾಗ, ಅದನ್ನು ಎಲೆಯಂತೆ ಕೈತುಂಬ ಬಳಸಲಾಗುವುದೆ?

ಇಂಥ ತೈಲಗಳಿಂದ ಮಾಡುವ ಉಪಚಾರಕ್ಕೆ ಅರೋಮಾಥೆರಪಿ ಎಂಬ ಹೆಸರು ಬಂದುದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಗಾಟೆಫೊಸ್ಸೆಯಿಂದ. 1910ರಲ್ಲಿ ಪ್ರಯೋಗಾಲಯದ ಅಪಘಾತದಲ್ಲಿ ಸುಟ್ಟುಕೊಂಡ ಆತ ಗಾಯಕ್ಕೆ ಲ್ಯಾವೆಂಡರ್ ತೈಲವನ್ನು ಬಳಸಿದ. ಅಲ್ಲಿಂದ ಬೆಳೆದ ಆಸಕ್ತಿ 1937ರಲ್ಲಿ ಆ ಹೆಸರಿನ ಪುಸ್ತಕವಾಯಿತು. ಹೆಸರು ಹೊಸದು, ಪರಿಮಳವನ್ನು ಹಿಡಿದಿಡುವ ಕಲೆ ಮಾತ್ರ ನಮ್ಮ ದೇಶಕ್ಕೆ ಹಳೆಯದು. ಉತ್ತರ ಪ್ರದೇಶದ ಕನೌಜಿನಲ್ಲಿ ಇಂದಿಗೂ ತಾಮ್ರದ ಹಂಡೆಯಲ್ಲಿ ಹೂ ಬೇಯಿಸಿ ಅತ್ತರು ಇಳಿಸುವವರಿದ್ದಾರೆ.

ಗಂಧದ ಗುಡಿಯ ಪಾಠ

ಕನ್ನಡ ನಾಡಿಗೂ ಈ ವಿದ್ಯೆಯಲ್ಲಿ ದೊಡ್ಡ ಪಾಲುಂಟು. ಮೈಸೂರು ಸೀಮೆಯ ಶ್ರೀಗಂಧದ ಕೊರಡುಗಳು ಒಂದು ಕಾಲಕ್ಕೆ ಹಡಗು ಹತ್ತಿ ಯೂರೋಪಿಗೆ, ಹೆಚ್ಚಾಗಿ ಜರ್ಮನಿಗೆ, ಹೋಗುತ್ತಿದ್ದವು. ಎಣ್ಣೆ ತೆಗೆಯುವ ಲಾಭ ಅಲ್ಲಿಯವರದು. 1914ರಲ್ಲಿ ಮಹಾಯುದ್ಧ ಆರಂಭವಾಗಿ ಆ ದಾರಿ ಮುಚ್ಚಿದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಇಲ್ಲಿಯೇ ಎಣ್ಣೆ ತೆಗೆಯುವ ಯೋಚನೆ ಬಲಗೊಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರಯೋಗಗಳು ನಡೆದವು. 1916ರ ವೇಳೆಗೆ ಗಂಧದೆಣ್ಣೆಯ ಉದ್ಯಮ ನೆಲೆಯೂರಿತು. ಮೈಸೂರು ಸ್ಯಾಂಡಲ್ ಸಾಬೂನಿನ ಪರಿಮಳದ ಮೂಲ ಅದೇ ಎಣ್ಣೆ.

ಈ ಎಣ್ಣೆಯ ಚರಿತ್ರೆಯಲ್ಲಿ ಇನ್ನೊಂದು ಪಾಠವಿದೆ. ಪೆನಿಸಿಲಿನ್ ಬರುವ ಮುನ್ನ ಯೂರೋಪಿನ ವೈದ್ಯರು ಕೆಲವು ಮೂತ್ರರೋಗಗಳಿಗೆ ಗಂಧದೆಣ್ಣೆಯನ್ನು ಕೊಡುತ್ತಿದ್ದರು. ಹೆಚ್ಚು ಗುಣಕಾರಿಯಾದ ಔಷಧ ಬಂದೊಡನೆ ಅದನ್ನು ಕೈಬಿಟ್ಟರು. ಗಂಧದ ಗೌರವ ಅದರಿಂದ ಕುಂದಲಿಲ್ಲ. ಒಂದು ವಸ್ತು ಸಕಲ ರೋಗಕ್ಕೂ ಮದ್ದಾಗಬೇಕೆಂಬ ಹಟ ಇಲ್ಲದಾಗಲೇ ಅದರ ನಿಜವಾದ ಬೆಲೆ ತಿಳಿಯುತ್ತದೆ.

ಮಾಡಬಲ್ಲುದು, ಮಾಡಲಾರದುದು

ಲವಂಗದೆಣ್ಣೆಯ ಯೂಜಿನಾಲ್ ಹಲ್ಲುನೋವನ್ನು ತಾತ್ಕಾಲಿಕವಾಗಿ ಮರಗಟ್ಟಿಸುತ್ತದೆ. ದಂತವೈದ್ಯರೂ ಅದನ್ನು ಬಳಸುತ್ತಾರೆ. ತುಳಸಿಯ ಕಂಪಿನಲ್ಲಿಯೂ ಅದೇ ದ್ರವ್ಯದ ಪಾಲಿದೆ. ಆದರೆ ನೋವು ಅಡಗಿತೆಂದು ಹುಳುಕು ವಾಸಿಯಾಗಲಿಲ್ಲ. ಪುದೀನ ತೈಲವನ್ನು ಕರುಳಿನಲ್ಲಿ ಕರಗುವ ಗುಳಿಗೆಯ ರೂಪದಲ್ಲಿ ಕೆಲವು ಬಗೆಯ ಹೊಟ್ಟೆನುಲಿತಕ್ಕೆ ವೈದ್ಯರು ಬರೆದುಕೊಡುವುದುಂಟು. ಅದರ ಮೆಂಥಾಲಿನಿಂದ ಕಟ್ಟಿದ ಮೂಗು ತೆರೆದಂತೆ ಭಾಸವಾಗುತ್ತದೆ. ವಾಸ್ತವದಲ್ಲಿ ಅದು ಮೂಗಿನೊಳಗಿನ ತಂಪಿನ ನರಗಳನ್ನು ಎಚ್ಚರಿಸುತ್ತದೆಯೇ ಹೊರತು ಹಾದಿಯನ್ನು ಅಗಲಿಸುವುದಿಲ್ಲ. ಲ್ಯಾವೆಂಡರಿನ ಪರಿಮಳ, ಒಂದು ಒಳ್ಳೆಯ ಅಂಗಮರ್ದನ, ಹದಿನೈದು ನಿಮಿಷದ ಏಕಾಂತ, ಇವು ದಣಿದ ಮನಸ್ಸನ್ನು ಸಡಿಲಗೊಳಿಸುತ್ತವೆ. ದಿನವಿಡೀ ಮನೆಮಂದಿಗಾಗಿ ದುಡಿಯುವ ಹೆಣ್ಣಿಗೆ ಅಷ್ಟು ಹೊತ್ತು ತನ್ನದೆಂದು ದೊರೆತರೆ ಅದು ಸಣ್ಣ ಲಾಭವಲ್ಲ. ಆದರೆ ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಮನಸ್ಸು ಕುಗ್ಗಿದ್ದರೆ, ಹೋಗಬೇಕಾದುದು ವೈದ್ಯರ ಬಳಿಗೆ.

ಹನಿಯ ಲೆಕ್ಕ

ಮನೆಯಲ್ಲಿ ಮಿಶ್ರಣ ಮಾಡಿಕೊಳ್ಳುವವರಿಗೆ ಸುಲಭವಾದ ಲೆಕ್ಕವೊಂದಿದೆ. ಸುಮಾರು 20 ಹನಿ ಒಂದು ಮಿಲಿಲೀಟರಿಗೆ ಸಮ. ವಯಸ್ಕರ ಮೈಗೆ ಹಚ್ಚುವ ಎಣ್ಣೆಯಲ್ಲಿ ಸುಗಂಧತೈಲ ನೂರಕ್ಕೆ ಒಂದು ಪಾಲು ಸಾಕು, ಎರಡನ್ನು ಮೀರಬಾರದು. ಎಂದರೆ 50 ಮಿಲಿಲೀಟರ್ ಎಳ್ಳೆಣ್ಣೆಗೆ ಐದು ಹನಿ ಲ್ಯಾವೆಂಡರ್, ಐದು ಹನಿ ಶ್ರೀಗಂಧ. ಮೊದಲು ಮೊಣಕೈಯ ಒಳಭಾಗದಲ್ಲಿ ಸವರಿ ಒಂದು ದಿನ ಕಾಯಬೇಕು. ಉರಿ, ತುರಿಕೆ ಇಲ್ಲದಿದ್ದರೆ ಮುಂದುವರಿಯಬಹುದು. ನಿಂಬೆಯ ಸಿಪ್ಪೆಯನ್ನು ಹಿಂಡಿ ತೆಗೆದ ತೈಲವನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗುವುದುಂಟು. ಅಗ್ಗದ ಬೆಲೆಗೆ ಶ್ರೀಗಂಧದ ತೈಲ ಎಂದು ಬರೆದಿದ್ದರೆ ಅದು ಶುದ್ಧವಲ್ಲವೆಂದು ತಿಳಿಯುವುದು ಮೇಲು.

ಈ ತೈಲಗಳನ್ನು ಸ್ವಂತ ಬುದ್ಧಿಯಿಂದ ಕುಡಿಯಲೇಬಾರದು. ನೀಲಗಿರಿ ಎಣ್ಣೆ ಒಂದು ಸಣ್ಣ ಚಮಚದಷ್ಟು ಹೊಟ್ಟೆಗೆ ಹೋದರೂ ಎಳೆಯ ಮಗುವಿನ ಪ್ರಾಣಕ್ಕೆ ಸಂಚಕಾರ. ಕರ್ಪೂರವನ್ನು ನುಂಗಿದ ಮಕ್ಕಳಿಗೆ ಫಿಟ್ಸ್ ಬರುವುದನ್ನು ವೈದ್ಯರು ಬಲ್ಲರು. ಎರಡು ವರ್ಷ ತುಂಬದ ಮಗುವಿನ ಮೂಗಿಗೆ, ಎದೆಗೆ ನೀಲಗಿರಿ, ಮೆಂಥಾಲು, ಕರ್ಪೂರ ಸವರುವುದು ಸಲ್ಲದು; ಉಸಿರೇ ಹಿಡಿದುಕೊಳ್ಳಬಹುದು. ಕುದಿಯುವ ನೀರಿನ ಪಾತ್ರೆಯ ಮುಂದೆ ಮಗುವನ್ನು ಕೂರಿಸಿ ಆವಿ ಕೊಡಲು ಹೋಗಿ ಮೈ ಸುಟ್ಟುಕೊಂಡ ಪ್ರಸಂಗಗಳೂ ಉಂಟು. ಒಂದು ವರ್ಷದೊಳಗಿನ ಶಿಶುವಿಗೆ ಜೇನೂ ಬೇಡವೆಂದು ಇಂದಿನ ವೈದ್ಯರು ಹೇಳುತ್ತಾರೆ. ಇದೊಂದರಲ್ಲಿ ಅಜ್ಜಿಯ ರೂಢಿಯನ್ನೂ ತಿದ್ದಿಕೊಳ್ಳಬೇಕು. ಮಗು ಎಣ್ಣೆ ಕುಡಿದಿದೆಯೆಂಬ ಸಂಶಯ ಬಂದರೆ ವಾಂತಿ ಮಾಡಿಸದೆ, ಸೀಸೆಯ ಸಮೇತ ಆಸ್ಪತ್ರೆಗೆ ಧಾವಿಸುವುದೇ ಸರಿಯಾದ ಉಪಾಯ. ಸೀಸೆ ಪರಿಮಳಿಸುತ್ತದೆ, ಅಂದವಾಗಿಯೂ ಇದೆ. ಮಗುವಿನ ಕೈಗೆ ಎಟುಕದಂತೆ ಇಡಲು ಅದೇ ಕಾರಣ ಸಾಕು.

ಕುಂಡದಲ್ಲಿ ಬೆಳೆದ ಸ್ವಾವಲಂಬನ

ಹಾಗಾದರೆ ಮನೆಮದ್ದನ್ನೆಲ್ಲ ಬಿಟ್ಟುಬಿಡಬೇಕೆ? ಹಾಗೇನಿಲ್ಲ. ಬೆಂಗಳೂರಿನಲ್ಲಿ 1993ರಲ್ಲಿ ಆರಂಭವಾದ ಎಫ್.ಆರ್.ಎಲ್.ಎಚ್.ಟಿ. ಸಂಸ್ಥೆಯು ಸ್ಥಳೀಯ ವೈದ್ಯಪರಂಪರೆಯ ಪುನರುಜ್ಜೀವನವನ್ನೇ ಗುರಿಯಾಗಿಟ್ಟುಕೊಂಡು, ಮನೆಯಂಗಳದಲ್ಲಿ ಮೂಲಿಕಾ ತೋಟ ಬೆಳೆಸಲು ಹಳ್ಳಿಯ ಹೆಣ್ಣುಮಕ್ಕಳಿಗೆ ನೆರವಾಯಿತು. ಸಣ್ಣಪುಟ್ಟ ತೊಂದರೆಗೆ ಕೈಯಳತೆಯಲ್ಲೇ ಉಪಾಯ, ದೊಡ್ಡದಕ್ಕೆ ವೈದ್ಯರು ಎಂಬ ವಿವೇಕಕ್ಕೆ ಇಂಥ ತೋಟ ಒಳ್ಳೆಯ ಶಾಲೆ.

ನಗರದ ಬಾಲ್ಕನಿಗೆ ನಾಲ್ಕು ಕುಂಡ ಸಾಕು. ಒಂದರಲ್ಲಿ ತುಳಸಿ. ಇನ್ನೊಂದರಲ್ಲಿ ದೊಡ್ಡಪತ್ರೆ, ಮುರಿದು ನೆಟ್ಟ ಕಡ್ಡಿಯೇ ಚಿಗುರುತ್ತದೆ. ಓಮದ ವಾಸನೆ ಅದರಲ್ಲಿ ಬರುವುದು ಆಕಸ್ಮಿಕವಲ್ಲ, ಒಂದೇ ಬಳಗದ ದ್ರವ್ಯಗಳು ಎರಡರಲ್ಲಿಯೂ ಇವೆ. ಅದರ ತಂಬುಳಿ ಊಟಕ್ಕೂ ಒದಗುತ್ತದೆ. ಮೂರನೆಯದರಲ್ಲಿ ಮಜ್ಜಿಗೆಹುಲ್ಲು, ಎರಡು ಎಸಳು ಹಾಕಿ ಕುದಿಸಿದ ಕಷಾಯ ಮಳೆಗಾಲದ ಸಂಜೆಗೆ ಹಿತ. ನಾಲ್ಕನೆಯದರಲ್ಲಿ ಲೋಳೆಸರ, ಒಳಗಿನ ತಿಳಿಯಾದ ಲೋಳೆ ಚರ್ಮಕ್ಕೆ ತಂಪು, ಸಿಪ್ಪೆಯಡಿಯ ಹಳದಿ ರಸ ಮಾತ್ರ ತೀವ್ರವಾದ ಭೇದಿಯನ್ನುಂಟುಮಾಡುತ್ತದೆ. ಒಂದೇ ಎಲೆಯಲ್ಲಿ ಎರಡು ಗುಣ!

ಎಲೆಯಾದರೂ ಅಳತೆ ಮೀರಬಾರದು. ಕೋವಿಡ್ ಕಾಲದಲ್ಲಿ ಅನೇಕರು ಅಮೃತಬಳ್ಳಿಯ ಕಷಾಯವನ್ನು ತಿಂಗಳುಗಟ್ಟಲೆ ಕುಡಿದರು. ಕೆಲವರ ಯಕೃತ್ತಿಗೆ ಇದರಿಂದ ಹಾನಿಯಾಯಿತೆಂದು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ನಿತ್ಯ ಔಷಧ ಸೇವಿಸುವವರು, ಗರ್ಭಿಣಿಯರು, ಯಕೃತ್ತಿನ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಯಾವ ಮೂಲಿಕೆಯನ್ನೂ ದಿನಚರಿ ಮಾಡಿಕೊಳ್ಳಬಾರದು.

ಹೆಣ್ಣಿಗೆ ಬಲ ಬರುವುದು ಸೀಸೆಯ ಚೀಟಿಯಲ್ಲಿ ಅಚ್ಚಾದ ಮಾತಿನಿಂದಲ್ಲ. ಇದು ಎಲೆ, ಇದು ಎಣ್ಣೆ, ಇದು ನನ್ನ ಕೈಯಲ್ಲಾಗುವುದು, ಇದು ವೈದ್ಯರ ಕೆಲಸ ಎಂದು ಬೇರ್ಪಡಿಸಿ ನೋಡಬಲ್ಲ ಅರಿವಿನಿಂದ. ದೊಡ್ಡಪತ್ರೆಯ ರಸ ಹಿಂಡುತ್ತಿದ್ದ ಅಜ್ಜಿಯ ಬಳಿ ಇದ್ದುದೂ ಅದೇ. ಎಷ್ಟು ಕೊಡಬೇಕೆಂಬುದರ ಜೊತೆಗೆ, ಎಲ್ಲಿ ನಿಲ್ಲಿಸಿ ವೈದ್ಯರನ್ನು ಕರೆಯಬೇಕೆಂಬುದೂ ಆಕೆಗೆ ಗೊತ್ತಿತ್ತು. ಕುಂಡದ ಗಿಡಕ್ಕೆ ನೀರೆರೆಯುವ ಮೊಮ್ಮಗಳು ಆ ಅಳತೆಯನ್ನೂ ಕಲಿತರೆ, ಹಿತ್ತಲು ಹೋದರೂ ಹಿತ್ತಲ ವಿದ್ಯೆ ಉಳಿದೀತು.